ಬೀಗರ ಮನೆಯ ಕಾರುಗಳು

ನನ್ನ ಬೀಗರ ಮನೆ ಅಮೆರಿಕದ ಓಹಾಯೋ ರಾಜ್ಯದಲ್ಲಿದೆ. ಆ ಮನೆಗೆ ದೊಡ್ಡದೊಂದು ಗ್ಯಾರೇಜು ಇದೆ, ಆದರೆ ಅದರೊಳಗೆ ಕಾರಿಗೆ ಜಾಗವಿಲ್ಲ. ಮಂಜು ಬೀಳಲಿ, ಮಳೆ ಹೊಯ್ಯಲಿ, ಪಾಪದ ಕಾರು ಹೊರಗೇ ನಿಂತಿರುತ್ತದೆ. ಒಳಗಿನ ಜಾಗವನ್ನು ಏಳು ಇಂಚು ಉದ್ದದ ಮರದ ರೇಸ್ ಕಾರುಗಳೂ ಅವನ್ನು ಕೆತ್ತುವ ಗರಗಸ, ಅರ, ಹಿಡಿಕೆಗಳೂ ಸುಖವಾಗಿ ಅನುಭವಿಸುತ್ತಿವೆ. ಗೋಡೆಯ ಹಲಗೆಯ ಎಡತುದಿಯಲ್ಲಿ ಬೀಗರು ಹುಡುಗರಾಗಿದ್ದಾಗ ಮಾಡಿದ ಕಾರುಗಳು, ನಡುವೆ ನನ್ನ ಅಳಿಯನವು, ಬಲಗಡೆ ಮೊಮ್ಮಗಳದು. ಬಲಗಡೆ ಇನ್ನೂ ಒಂದಷ್ಟು ಜಾಗ ಬಿಟ್ಟಿದ್ದಾರೆ. ಯಾರಿಗೆಂದು ನಾನು ಕೇಳಿಲ್ಲ, ಬೀಗರು ದೂರದೃಷ್ಟಿಯುಳ್ಳವರು.

ಈ ಹುಚ್ಚಿಗೆ ಪೈನ್‌ವುಡ್ ಡರ್ಬಿ ಎಂದು ಹೆಸರು. ಇದನ್ನು ಹಚ್ಚಿದವನು ಡಾನ್ ಮರ್ಫಿ. ಕ್ಯಾಲಿಫೋರ್ನಿಯಾದ ಮ್ಯಾನ್‌ಹ್ಯಾಟನ್ ಬೀಚಿನವನು, ವಿಮಾನ ತಯಾರಿಸುವ ಕಂಪನಿಯ ನೌಕರ, ಊರಿನ ಕಬ್ ಸ್ಕೌಟ್ ಮಕ್ಕಳ, ಅಂದರೆ ಸ್ಕೌಟ್ ಸಂಸ್ಥೆಯ ಪುಟ್ಟ ಹುಡುಗರ ವಿಭಾಗದ, ಮುಖಂಡ. ಆ ಕಾಲಕ್ಕೆ ಅಮೆರಿಕದ ಹುಡುಗರೆಲ್ಲ ಕನಸು ಕಾಣುತ್ತಿದ್ದದ್ದು ಸೋಪ್ ಬಾಕ್ಸ್ ಡರ್ಬಿಯದು: ಎಂಜಿನ್ ಇಲ್ಲದ ಗಾಡಿಯನ್ನು ತಾವೇ ಕಟ್ಟಿ, ಅದರಲ್ಲಿ ತಾವೇ ಕುಳಿತು, ಇಳಿಜಾರಿನಲ್ಲಿ ಬಿಟ್ಟುಕೊಳ್ಳುವ ಪಂದ್ಯ. ಅದು 1933ರಲ್ಲಿ ನಮ್ಮ ಬೀಗರ ಓಹಾಯೋದಲ್ಲೇ, ಡೇಟನ್ ನಗರದಲ್ಲಿ ಹುಟ್ಟಿತು. 1935ರಿಂದ ಅದೇ ರಾಜ್ಯದ ಆಕ್ರನ್ನಿನಲ್ಲಿ ನೆಲೆ ನಿಂತಿದೆ. ಮರ್ಫಿಯ ಮಗನಿಗೂ ಓಡಿಸುವ ಆಸೆ, ಆದರೆ ವಯಸ್ಸು ಸಾಲದು. ಮಗ ಬೆಳೆಯುವವರೆಗೆ ಕಾಯುವುದು ಎಲ್ಲ ಅಪ್ಪಂದಿರೂ ಮಾಡುವ ಕೆಲಸ. ಮರ್ಫಿ ಗಾಡಿಯನ್ನೇ ಕುಗ್ಗಿಸಿದ. 1953ರ ಮೇ 15ರಂದು ಮೊದಲ ಪಂದ್ಯ ನಡೆಯಿತು. ಯಾವ ಕಾರು ಮೊದಲು ಮುಟ್ಟಿತೆಂದು ತಿಳಿಸಲು ಕರೆಗಂಟೆಯ ಭಾಗಗಳನ್ನು ಬ್ಯಾಟರಿಗೆ ಜೋಡಿಸಿದ್ದರಂತೆ. ಮುಂದಿನ ಕೆಲವೇ ವರ್ಷಗಳಲ್ಲಿ ಆಟ ದೇಶವನ್ನೆಲ್ಲ ಹಬ್ಬಿ, ಆಗ ಚಡ್ಡಿ ಹಾಕುತ್ತಿದ್ದ ನಮ್ಮ ಬೀಗರನ್ನೂ ಹಿಡಿಯಿತು. ಅವರನ್ನು ಅದು ಇನ್ನೂ ಬಿಟ್ಟಿಲ್ಲ.

ಸಾಮಗ್ರಿ ಹೆಚ್ಚಿಲ್ಲ. ಪೆಟ್ಟಿಗೆಯಲ್ಲಿ ಪೈನ್ ಮರದ ಒಂದು ತುಂಡು, ನಾಲ್ಕು ಪ್ಲಾಸ್ಟಿಕ್ ಚಕ್ರ, ಅಚ್ಚಿನ ಬದಲಿಗೆ ನಾಲ್ಕು ಮೊಳೆ. ಕಾರು ಏಳು ಇಂಚು ಮೀರಬಾರದು, ತೂಕ ಐದು ಔನ್ಸ್, ಅಂದರೆ ಸುಮಾರು 142 ಗ್ರಾಂ ದಾಟಬಾರದು. ಚಕ್ರ ಸಲೀಸಾಗಿ ತಿರುಗಲು ಎಣ್ಣೆ ಹಾಕುವಂತಿಲ್ಲ, ಒಣ ಗ್ರಾಫೈಟ್ ಪುಡಿ ಹಾಕಬಹುದು. ನೂಕುವಂತಿಲ್ಲ. ಓಡುಹಾದಿಯ ಎತ್ತರದ ತುದಿಯಲ್ಲಿ ಕಾರನ್ನು ನಿಲ್ಲಿಸಿ, ತಡೆಗೋಲು ತೆಗೆದು, ಉಳಿದದ್ದನ್ನು ಭೂಮಿಯ ಗುರುತ್ವಕ್ಕೆ ಒಪ್ಪಿಸಬೇಕು. ನಾನು ಜೀವಮಾನವಿಡೀ ಬ್ಯಾಂಕಿನಲ್ಲಿ ದುಡಿದವನು. ಗರಗಸ ಹಿಡಿಯಲು ಬಾರದಿದ್ದರೂ ನಿಯಮ ಓದಲು ಚೆನ್ನಾಗಿ ಬರುತ್ತದೆ. ಹಾಗಾಗಿ ಆ ಗ್ಯಾರೇಜಿನಲ್ಲಿ ನಿಯಮಾವಳಿಯ ಹಾಳೆ ನನ್ನ ವಶದಲ್ಲಿರುತ್ತದೆ. ಜಗಳ ಬಂದಾಗ ಓದಿ ಹೇಳುವುದು ನನ್ನ ಹುದ್ದೆ. ಸಂಬಳವಿಲ್ಲ, ಬಿಡುವೂ ಇಲ್ಲ.

ಏಕೆಂದರೆ ಈ ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದಿರುವುದು ಕಾರು ಮಾಡುವ ಕಲೆಯಲ್ಲ, ಕಾರು ಯಾಕೆ ಓಡುತ್ತದೆ ಎಂಬ ವ್ಯಾಜ್ಯ. ಬೀಗರ ಮತ ಆಕಾರದ್ದು. ಕಾರಿನ ಮೂತಿ ಚೂಪಾಗಿರಬೇಕು, ಬೆನ್ನು ನುಣುಪಾಗಿರಬೇಕು, ಗಾಳಿ ಅದನ್ನು ಮುಟ್ಟಿದ ಗುರುತೂ ಸಿಗಬಾರದು. ಹಲಗೆಯ ಎಡತುದಿಯ ಕಾರುಗಳೆಲ್ಲ ಹಾಗೆಯೇ ಇವೆ. ಒಂದೊಂದಕ್ಕೂ ಏಳು ಸುತ್ತು ಬಣ್ಣ, ಒಳಗೊಬ್ಬ ಕಡಲೆಕಾಳಿನಷ್ಟು ತಲೆಯ ಚಾಲಕ. ನೋಡಲು ಬಹಳ ಚೆಂದ. ಅವುಗಳಲ್ಲಿ ಎಷ್ಟು ಗೆದ್ದಿವೆ ಎಂಬ ಪ್ರಶ್ನೆಯನ್ನು ಆ ಮನೆಯಲ್ಲಿ ಯಾರೂ ಕೇಳುವುದಿಲ್ಲ, ನಾನಂತೂ ಹೆಣ್ಣು ಕೊಟ್ಟವನು.

ಅಳಿಯನದು ತೂಕದ ಮತ. ಗಾಳಿಯೇ ಇಲ್ಲದ ಲೋಕದಲ್ಲಿ ಹಗುರ ವಸ್ತುವೂ ಭಾರದ ವಸ್ತುವೂ ಒಂದೇ ವೇಗದಲ್ಲಿ ಬೀಳುತ್ತವೆ ಎಂದು ಗೆಲಿಲಿಯೋ ಕಾಲದಿಂದ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಗ್ಯಾರೇಜಿನಲ್ಲಿ ಗಾಳಿ ಇದೆ. ಹಾಗಾಗಿ ಭಾರದ ಕಾರಿಗೆ ಗಾಳಿಯ ತಡೆ ಕಡಿಮೆ ತಟ್ಟುತ್ತದೆ; ಐದು ಔನ್ಸಿಗೆ ಕೂದಲೆಳೆಯಷ್ಟು ಕಡಿಮೆಯಾದರೂ ನಷ್ಟವೇ. ಅಪ್ಪನ ಕಾಲದಲ್ಲಿ ಮೀನುಗಾರರ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಮರದೊಳಗೆ ತುರುಕುತ್ತಿದ್ದರಂತೆ. ಸೀಸ ವಿಷ ಎಂದಾದ ಮೇಲೆ ಅಳಿಯ ಟಂಗ್‌ಸ್ಟನ್ನಿಗೆ ಬಂದ. ಒಂದು ಘನ ಸೆಂಟಿಮೀಟರಿಗೆ ಸೀಸ ಹನ್ನೊಂದು ಗ್ರಾಂ ಚಿಲ್ಲರೆ ತೂಗಿದರೆ ಟಂಗ್‌ಸ್ಟನ್ ಹತ್ತೊಂಬತ್ತು ಗ್ರಾಂ ಮೀರುತ್ತದೆ, ಆದ್ದರಿಂದ ಸಣ್ಣ ಕುಳಿಯಲ್ಲೇ ಕೆಲಸವಾಗುತ್ತದೆ. ಬೀಗರು ಮಾತ್ರ ಇಂದಿಗೂ ಕೊನೆಯ ಹೊಂದಾಣಿಕೆಗೆ ಒಂದು ಸೆಂಟಿನ ನಾಣ್ಯವನ್ನೇ ಅಂಟಿಸುತ್ತಾರೆ. ಅದರಲ್ಲೂ 1982ಕ್ಕಿಂತ ಹಿಂದಿನ ನಾಣ್ಯವೇ ಆಗಬೇಕು: ಅದು ಬಹುಪಾಲು ತಾಮ್ರ, ಮೂರು ಗ್ರಾಂಗಿಂತ ತುಸು ಹೆಚ್ಚು ತೂಗುತ್ತದೆ; ಆಮೇಲಿನದು ಸತುವಿನದು, ಎರಡೂವರೆ ಗ್ರಾಂ. ಸರ್ಕಾರ ಲೋಹ ಬದಲಿಸಿದ್ದು ತಮ್ಮ ಕಾರಿಗೆ ಮಾಡಿದ ದ್ರೋಹ ಎಂಬ ಧಾಟಿಯಲ್ಲಿ ಅವರು ಈ ವಿಷಯ ಮಾತಾಡುತ್ತಾರೆ.

ಆ ತೂಕವನ್ನು ಎಲ್ಲಿ ಇಡಬೇಕು ಎಂಬುದರಲ್ಲಿ ನಿಜವಾದ ಕದನ. ಮುಂದೆ ಭಾರವಿದ್ದರೆ ಅದು ಕಾರನ್ನು ಎಳೆದುಕೊಂಡು ಹೋಗುತ್ತದೆ ಎಂಬುದು ಬೀಗರ ವಾದ. ಕೇಳಿದರೆ ಹೌದೆನ್ನಿಸುವ ವಾದ, ಆದರೆ ತಪ್ಪು. ಇಳಿಜಾರಿನಲ್ಲಿ ನಿಂತ ಕಾರಿನ ಹಿಂಭಾಗವೇ ಮುಂಭಾಗಕ್ಕಿಂತ ಎತ್ತರದಲ್ಲಿರುತ್ತದೆ. ಭಾರವನ್ನು ಹಿಂದಕ್ಕೆ ಇಟ್ಟಷ್ಟೂ ಅದು ಹೆಚ್ಚು ಎತ್ತರದಿಂದ ಇಳಿಯುತ್ತದೆ, ಸಮತಟ್ಟಿಗೆ ಬರುವಾಗ ಅಷ್ಟು ಹೆಚ್ಚಿನ ಶಕ್ತಿ ಕೈಯಲ್ಲಿರುತ್ತದೆ. ಹಿಂದಿನ ಅಚ್ಚಿಗಿಂತ ಒಂದು ಇಂಚಿನಷ್ಟು ಮುಂದೆ ತೂಕದ ಕೇಂದ್ರ ಬಂದರೆ ಒಳ್ಳೆಯದು ಎಂದು ಬಲ್ಲವರ ಅಂದಾಜು. ಇನ್ನೂ ಹಿಂದೆ ಸರಿಸಿದರೆ ಮೂತಿ ಹಗುರಾಗಿ ಕಾರು ಓಲಾಡತೊಡಗುತ್ತದೆ. ಅಳಿಯ ಇದನ್ನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ. ಬೀಗರು ಚಿತ್ರವನ್ನು ತಲೆಕೆಳಗೆ ಹಿಡಿದು ನೋಡಿ, ಹಾಗಿದ್ದರೆ ಎತ್ತು ಗಾಡಿಯ ಹಿಂದಿರಬೇಕಿತ್ತು ಎಂಬರ್ಥದ ಮಾತನ್ನು ಅವರ ಭಾಷೆಯಲ್ಲಿ ಹೇಳಿದರು.

ಮೊಮ್ಮಗಳು ಬಂದ ಮೇಲೆ ಮೂರನೆಯ ಮತ ಹುಟ್ಟಿತು. ಕಬ್ ಸ್ಕೌಟಿನಲ್ಲಿ ಹೆಣ್ಣುಮಕ್ಕಳಿಗೆ 2018ರಲ್ಲಿ ಬಾಗಿಲು ತೆರೆಯಿತು, ಹೀಗಾಗಿ ಆ ವಂಶದ ಮೊದಲ ಹುಡುಗಿ ರೇಸಿಗೆ ಇಳಿದದ್ದು ಈಚೆಗೆ. ಅವಳಿಗೆ ಮರದ ಬಗ್ಗೆಯೂ ತೂಕದ ಬಗ್ಗೆಯೂ ಆಸಕ್ತಿಯಿಲ್ಲ. ಮೊಳೆಯ ಮೇಲೆ ಕಣ್ಣು. ಕಾರ್ಖಾನೆಯಿಂದ ಬರುವ ಮೊಳೆಯ ತಲೆಯ ಕೆಳಗೆ ಸಣ್ಣ ಉಬ್ಬುಗಳಿರುತ್ತವೆ, ಕಾಂಡದ ಮೇಲೆ ಒತ್ತಿದ ಗೆರೆಗಳಿರುತ್ತವೆ. ಚಕ್ರ ತಿರುಗುವಾಗ ಅವೆಲ್ಲ ಅದನ್ನು ಹಿಡಿದೆಳೆಯುತ್ತವೆ. ಮೊಳೆಯನ್ನು ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸುತ್ತ, ಮೊದಲು ಅರದಿಂದ, ಆಮೇಲೆ ಒಂದಕ್ಕಿಂತ ಒಂದು ನಯವಾದ ಸ್ಯಾಂಡ್‌ಪೇಪರಿನಿಂದ ಉಜ್ಜಬೇಕು. ಬೇಸರ ಬರುವವರೆಗೆ ಉಜ್ಜಿ, ಬೇಸರ ಬಂದ ಮೇಲೂ ಉಜ್ಜಬೇಕು. ಅವಳು ಉಜ್ಜಿದ ಮೊಳೆಯಲ್ಲಿ ಮುಖ ನೋಡಿಕೊಳ್ಳಬಹುದು. ಮುಂದಿನ ಒಂದು ಚಕ್ರ ನೆಲ ಮುಟ್ಟದಂತೆ ಚೂರು ಮೇಲೆ ಕೂರಿಸಬೇಕೆಂಬುದೂ ಅವಳದೇ ಬೇಡಿಕೆ: ಮೂರು ಚಕ್ರ ತಿರುಗಿಸುವುದಕ್ಕೆ ನಾಲ್ಕಕ್ಕಿಂತ ಕಡಿಮೆ ಶಕ್ತಿ ಸಾಕಲ್ಲ! ಅಜ್ಜನಿಗೆ ಇದು ಮೋಸವೆನ್ನಿಸಿತು. ಹಾಳೆ ತೆರೆದೆ. ಕೆಲವು ಕಡೆಯ ನಿಯಮಗಳು ನಾಲ್ಕೂ ಚಕ್ರ ನೆಲ ಮುಟ್ಟಬೇಕೆನ್ನುತ್ತವೆ. ನಮ್ಮದು ಆ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಬ್ಯಾಂಕಿನ ಪದ್ಧತಿಯಂತೆ, ನಿಷೇಧವಿಲ್ಲದ್ದಕ್ಕೆ ಅನುಮತಿ ಇದೆಯೆಂದು ತೀರ್ಪು ಕೊಟ್ಟೆ. ಆ ರಾತ್ರಿ ಊಟದ ಮೇಜಿನಲ್ಲಿ ಬೀಗರು ನನಗೆ ಉಪ್ಪಿನ ಡಬ್ಬಿ ದಾಟಿಸಲಿಲ್ಲ.

ಇಷ್ಟೆಲ್ಲ ಆದಮೇಲೂ ಕಾರು ಮಾಡಬೇಕಾದದ್ದು ಮಗು, ದೊಡ್ಡವರು ಬರೀ ಕೈಜೋಡಿಸಬೇಕು ಎಂಬುದು ಆಟದ ಆಶಯ. ಆಶಯಕ್ಕೂ ಗ್ಯಾರೇಜಿಗೂ ಬಹಳ ದೂರ. ತೂಕ ಹಾಕಿಸುವ ಸಾಲಿನಲ್ಲಿ ನಿಂತರೆ, ಯಂತ್ರದಿಂದ ಕೊರೆದ ಕಾರನ್ನು ಹಿಡಿದು, ಇದೇನೆಂದು ತಮಗೇ ತಿಳಿಯದ ಮುಖದ ಎಂಟು ವರ್ಷದವರು ಬೇಕಾದಷ್ಟು ಜನ ಕಾಣುತ್ತಾರೆ. ದೊಡ್ಡ ಡರ್ಬಿಯೂ ಇದರಿಂದ ತಪ್ಪಿಸಿಕೊಂಡಿಲ್ಲ. 1973ರಲ್ಲಿ ಆಕ್ರನ್ನಿನ ಸೋಪ್ ಬಾಕ್ಸ್ ಪಂದ್ಯ ಗೆದ್ದ ಹುಡುಗನ ಗಾಡಿಯ ಮೂತಿಯಲ್ಲಿ ವಿದ್ಯುತ್ ಅಯಸ್ಕಾಂತ ಅಡಗಿತ್ತು. ಹುಡುಗ ತಲೆಯನ್ನು ಹಿಂದಕ್ಕೆ ಒರಗಿಸಿದರೆ ಗುಂಡಿ ಒತ್ತಿಕೊಳ್ಳುತ್ತಿತ್ತು. ಹೊರಡುವ ಜಾಗದಲ್ಲಿ ಗಾಡಿಗಳಿಗೆ ತಡೆಯಾಗಿದ್ದ ಕಬ್ಬಿಣದ ಫಲಕ ಕೆಳಕ್ಕೆ ಬೀಳುವಾಗ ಗಾಡಿಯನ್ನೂ ಮುಂದಕ್ಕೆ ಸೆಳೆಯುತ್ತಿತ್ತು. ಎಕ್ಸ್-ರೇ ತೆಗೆದಾಗ ಗುಟ್ಟು ರಟ್ಟಾಗಿ ಪ್ರಶಸ್ತಿ ಹೋಯಿತು. ಅಯಸ್ಕಾಂತದ ಹಿಂದಿದ್ದದ್ದು ಹುಡುಗನನ್ನು ಸಾಕುತ್ತಿದ್ದ ಸೋದರ ಸಂಬಂಧದ ಹಿರಿಯ. ಅದರ ಹಿಂದಿನ ವರ್ಷ ಗೆದ್ದವನು ಅದೇ ಹಿರಿಯನ ಮಗ. ಈ ಕಥೆಯನ್ನು ಓಹಾಯೋದ ಜನ ತಲೆ ತಗ್ಗಿಸಿ ಹೇಳುತ್ತಾರೆ, ಬೀಗರು ಮಾತ್ರ ತಂತಿ ಎಲ್ಲೆಲ್ಲಿ ಹಾದುಹೋಗಿತ್ತು ಎಂಬುದನ್ನೂ ವಿವರಿಸುತ್ತಾರೆ.

ಪಂದ್ಯದ ದಿನದ ಬಗ್ಗೆ ಹೇಳಲು ಹೆಚ್ಚಿಲ್ಲ, ಏಕೆಂದರೆ ಅದು ಮುಗಿದೇ ಹೋಗುತ್ತದೆ. ಚಳಿಗಾಲವಿಡೀ ಉಜ್ಜಿದ್ದು ಸುಮಾರು ಮೂರು ಸೆಕೆಂಡುಗಳಲ್ಲಿ ಖರ್ಚಾಗುತ್ತದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವಿನ ಅಂತರವನ್ನು ಕಣ್ಣಿನಿಂದ ಹೇಳಲಾಗದು. ಸೆಕೆಂಡಿನ ಸಾವಿರದ ಭಾಗಗಳಲ್ಲಿ ಎಣಿಸುವ ಯಂತ್ರ ಹೇಳಿದ್ದನ್ನು ನಂಬಬೇಕು. ಮೊಮ್ಮಗಳ ಕಾರಿನ ಮೂತಿ ಅಜ್ಜನದು, ಟಂಗ್‌ಸ್ಟನ್ ಅಪ್ಪನದು, ಮೊಳೆ ಅವಳದು. ಅದು ಮೂರನೆಯ ಸ್ಥಾನಕ್ಕೆ ಬಂತು. ಮೊದಲ ಸ್ಥಾನ ತಪ್ಪಿದ್ದು ಯಾರಿಂದ ಎಂಬ ವಿಚಾರಣೆ ಕಾರಿನಲ್ಲಿ, ಅಂದರೆ ಬೀದಿಯಲ್ಲಿ ನಿಲ್ಲುವ ಆ ನಿಜವಾದ ಕಾರಿನಲ್ಲಿ, ಮನೆ ಮುಟ್ಟುವವರೆಗೂ ನಡೆಯಿತು. ಹಿಂದಿನ ಸೀಟಿನಲ್ಲಿ ಅವಳು ಪದಕ ಕಚ್ಚಿಕೊಂಡು ನಿದ್ದೆ ಹೋಗಿದ್ದಳು.

ದೊಡ್ಡವರ ಈ ಚಪಲ ಸಂಘಟಕರಿಗೆ ಗೊತ್ತಿಲ್ಲದ್ದೇನೂ ಅಲ್ಲ. ಅದಕ್ಕಾಗಿಯೇ ಹಲವು ಕಡೆ ಮಕ್ಕಳ ಪಂದ್ಯ ಮುಗಿದ ಮೇಲೆ ಹಿರಿಯರಿಗೆಂದೇ ಒಂದು ಪಂದ್ಯ ಇಡುತ್ತಾರೆ. ಅಲ್ಲಿ ನಿಯಮಗಳು ಇಲ್ಲವೆನ್ನುವಷ್ಟು ಸಡಿಲ, ನನ್ನ ಹಾಳೆಗೆ ಬೆಲೆಯಿಲ್ಲ. ಬೀಗರೂ ಅಳಿಯನೂ ಈ ಸಲ ಒಬ್ಬರಿಗೊಬ್ಬರು ಕಾಣದಂತೆ ಬಟ್ಟೆ ಮುಚ್ಚಿಕೊಂಡು ತಂತಮ್ಮ ಕಾರು ತಂದಿದ್ದರು. ಮೊಮ್ಮಗಳು ತನ್ನ ಗ್ರಾಫೈಟ್ ಪುಡಿಯನ್ನು ಇಬ್ಬರಿಗೂ ಕೊಡಲಿಲ್ಲ. ಗೆದ್ದದ್ದು ಬೇರೆ ಯಾರದೋ ಅಜ್ಜಿ. ಆಕೆ ಬಹುಮಾನ ತೆಗೆದುಕೊಳ್ಳಲು ವೇದಿಕೆ ಹತ್ತಿದ್ದೇ ತಡ, ಅಪ್ಪ ಮಗ ಇಬ್ಬರೂ ಹೊಂದಿಕೊಂಡು ಆಕೆಯ ಕಾರನ್ನು ಮಗುಚಿ ಹಾಕಿ, ಕನ್ನಡಕ ಬದಲಾಯಿಸಿಕೊಳ್ಳುತ್ತ, ಮೊಳೆಯ ತಲೆಯ ಕೆಳಗೆ ಏನು ಮಾಡಿದ್ದಾಳೆಂದು ನೋಡತೊಡಗಿದರು.