ಆನೆ ಲೆಕ್ಕ ಪಕ್ಕಾ, ಆಳಿನ ಲೆಕ್ಕ ನಾಳೆ

ಸಕಲೇಶಪುರ, ಆಲೂರು, ಬೇಲೂರು ಕಡೆ ಹುಟ್ಟಿದ್ರೆ ಕಾಡಾನೆಯಾಗಿ ಹುಟ್ಬೇಕು ಕಣ್ರೀ. ಆನೆಗೆ ಹೆಸರಿದೆ, ಭೀಮ ಅಂದ್ರೆ ಅಂಗನವಾಡಿ ಮಗೂಗೂ ಗೊತ್ತು, ಕೆಲವಕ್ಕೆ ಕೊರಳಲ್ಲಿ ರೇಡಿಯೋ ಕಾಲರ್ ಬೇರೆ. ಬೆಳಗ್ಗೆ ನಾವು ಹಲ್ಲುಜ್ಜೋ ಮುಂಚೆನೇ ವಾಟ್ಸಾಪ್ ಗ್ರೂಪಲ್ಲಿ ಮೆಸೇಜು ಬಿದ್ದಿರುತ್ತೆ, ಇಂಥಾ ಕಾಫಿ ಎಸ್ಟೇಟಲ್ಲಿ ಇಷ್ಟು ಆನೆ, ಅದ್ರಲ್ಲಿ ಮರಿ ಇಷ್ಟು, ಈ ರಸ್ತೆ ದಾಟೋ ಸಾಧ್ಯತೆ ಇದೆ, ಸಾರ್ವಜನಿಕರು ಎಚ್ಚರದಿಂದಿರಿ ಅಂತ.

ಈಗ ಅದೇ ಎಸ್ಟೇಟಿನ ಲೈನ್ ಮನೇಲಿ, ಅಂದ್ರೆ ಆಳುಗಳ ಸಾಲುಮನೇಲಿ, ಎಷ್ಟು ಜನ ಇದಾರೆ, ಮಕ್ಕಳೆಷ್ಟು, ಎಲ್ಲಿಂದ ಬಂದ್ರು, ಯಾರು ಕರ್ಕೊಂಡು ಬಂದ್ರು ಅಂತ ಕೇಳಿ ನೋಡಿ. ತೋಟದ ಲೆಕ್ಕ ಬರೆಯೋ ರೈಟ್ರು ಮೋಡ ನೋಡ್ತಾರೆ. ಆಳು ಕರ್ಕೊಂಡು ಬರೋ ಮೇಸ್ತ್ರಿ ಬೀಡಿ ಹುಡುಕ್ತಾನೆ.

ಕೊಯ್ಲು ಟೈಮಲ್ಲಿ ಸಂಜೆ ತೂಕದ ಹತ್ರ ನಿಂತ್ಕೊಂಡು ನೋಡ್ಬೇಕು, ಟಿಕೆಟ್ ಇಟ್ರೂ ಲಾಸಿಲ್ಲ. ಮೈಗೆಲ್ಲ ಇರುವೆ ಕಚ್ಚಿಸ್ಕೊಂಡು ಹಣ್ಣು ಕುಯ್ದ ಹೆಂಗಸು ಚೀಲ ತಂದು ಇಡ್ತಾಳೆ, ಮಷೀನು 62 ಕೆಜಿ 400 ಗ್ರಾಂ ಅನ್ನುತ್ತೆ, ರೈಟ್ರು "ಎಲೆ ಇದೆ, ಕಾಯಿ ಇದೆ, ಮಂಜಿಗೆ ಒದ್ದೆ ಬೇರೆ ಆಗಿದೆ, 59 ಬರ್ಕೊಳ್ತೀನಿ" ಅಂತಾರೆ. ಗ್ರಾಂ ಲೆಕ್ಕಕ್ಕೆ ಮಷೀನು, ಕಿಲೋ ಲೆಕ್ಕಕ್ಕೆ ರೈಟ್ರ ಕಣ್ಣು. ಇನ್ನು ಬುಕ್ಕಲ್ಲಿ ಹೆಸರಿನ ಜಾಗದಲ್ಲಿ ಏನಿದೆ ಅಂತ ಬಗ್ಗಿ ನೋಡಿದ್ರೆ ಅಸ್ಸಾಂ-1, ಅಸ್ಸಾಂ-2, ಅಸ್ಸಾಂ-3. ಜಾರ್ಖಂಡ್‌ನೋರೂ ಅಸ್ಸಾಮೇ, ಬಂಗಾಳದೋರೂ ಅಸ್ಸಾಮೇ, ಯಾಕ್ರೀ ಅಂದ್ರೆ "ಅವ್ರ ಹೆಸ್ರು ನಮ್ ಬಾಯಿಗೆ ಬರಲ್ಲ ಸಾರ್". ಅದೇ ಬಾಯಲ್ಲಿ ಚಂದ್ರಗಿರಿ, ಕಾವೇರಿ, ಎಸ್ 795, ಸೆಲೆಕ್ಷನ್ 9 ಅಂತ ಗಿಡದ ತಳಿಗಳು ಮಾತ್ರ ಸಲೀಸಾಗಿ ಬರ್ತವೆ.

2025ರ ಶುರುವಲ್ಲಿ 50 ಕೆಜಿ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜ) ಮೂಟೆ 25 ಸಾವಿರ ರೂಪಾಯಿ ದಾಟ್ತಲ್ಲ, ಆಗ ನಮ್ಮವ್ರು ದೇವರ ಮುಖಕ್ಕಿಂತ ಮೊದ್ಲು ಮೊಬೈಲಲ್ಲಿ ರೇಟು ನೋಡ್ತಿದ್ರು. ಕುಯ್ಯೋ ಕೂಲಿ ಮಾತೆತ್ತಿದ್ರೆ ಮಾತ್ರ "ಎಲ್ಲಾ ತೋಟದಲ್ಲೂ ಇಷ್ಟೇ, ಮಾರ್ಕೆಟ್ ಕೆಡಿಸ್ಬೇಡಿ". (ಎರಡೆಕರೆ ಇಟ್ಕೊಂಡು ಹೆಂಡ್ತಿ ಜೊತೆ ತಾನೇ ಕುಯ್ಯೋನ ಬಗ್ಗೆ ಅಲ್ಲ ಸ್ವಾಮಿ ಈ ಮಾತು, ಅವನ ಗೋಳು ಬೇರೇನೇ ಇದೆ.)

ಆನೆ ಮೆಸೇಜಿಗೆ ವಾಪಸ್ ಬರೋಣ. ಅದು ಇರೋದು ಕನ್ನಡದಲ್ಲಿ, ಗ್ರೂಪಲ್ಲಿ ಇರೋದು ಸಾಹುಕಾರ್ರು. ಬೆಳಗಿನ ಮಂಜಲ್ಲಿ ಬುಟ್ಟಿ ಹಿಡ್ಕೊಂಡು ಆನೆ ಇರೋ ಸಾಲಿಗೇ ನಡ್ಕೊಂಡು ಹೋಗೋದು ಅಸ್ಸಾಂ-3. ಏನಾದ್ರೂ ಹೆಚ್ಚುಕಮ್ಮಿ ಆಯ್ತು ಅಂದ್ಕೊಳ್ಳಿ, ಪರಿಹಾರದ ಫೈಲಿಗೆ ಗುರುತಿನ ದಾಖಲೆ ಬೇಕು, ವಾರಸುದಾರರು ಬೇಕು, ಬ್ಯಾಂಕ್ ಪಾಸ್‌ಬುಕ್ ಬೇಕು, ಅಪ್ಪ ಅಮ್ಮ ಮೂರು ದಿನ ರೈಲಲ್ಲಿ ಬರ್ಬೇಕು. ಯಾವ ಆನೆ ಅಂತ ಮಾತ್ರ ಹತ್ತೇ ನಿಮಿಷಕ್ಕೆ ಗೊತ್ತಾಗುತ್ತೆ.

ಹಾಗಂತ ಇವ್ರನ್ನ ಯಾರೂ ಎಣಿಸೋದೇ ಇಲ್ಲ ಅಂತಲ್ಲ. ಬಾಂಗ್ಲಾದೇಶದೋರು ಬಂದು ಸೇರ್ಕೊಂಡಿದಾರೆ ಅಂತ ಟಿವಿಲಿ ಒಂದು ಬ್ರೇಕಿಂಗ್ ನ್ಯೂಸ್ ಬಂದ್ರೆ ಸಾಕು, ಮಾರನೇ ದಿನ ಎಲ್ಲರ ಆಧಾರ್ ಜೆರಾಕ್ಸೂ ಸ್ಟೇಷನ್ ಟೇಬಲ್ ಮೇಲೆ. ಅವತ್ತು ಎಲ್ಲರಿಗೂ ಹೆಸರು, ಅಪ್ಪನ ಹೆಸರು, ಪೋಸ್ಟು, ಜಿಲ್ಲೆ, ಎಲ್ಲಾ ಬಂದ್ಬಿಡುತ್ತೆ. ಪೊಲೀಸ್ರಿಗೆ ಕೊಡೋ ಲಿಸ್ಟಲ್ಲಿ ನಲವತ್ತು ಜನ ಇರ್ತಾರೆ, ಕಾರ್ಮಿಕ ಇಲಾಖೆಯೋರು ಕೇಳಿದ್ರೆ "ಎಲ್ಲಾ ಲೋಕಲ್ಲೇ ಸಾರ್, ಅಕ್ಕಪಕ್ಕದ ಊರೋರು". ಯೆಮನ್ನಿಂದ ಏಳು ಕಾಫಿ ಬೀಜ ಬಚ್ಚಿಟ್ಕೊಂಡು ತಂದ್ರು ಅಂತ ಬಾಬಾಬುಡನ್ ಕಥೆನ ಹೆಮ್ಮೆಯಿಂದ ಹೇಳೋ ಸೀಮೆ ನಮ್ದು, ಆ ಗಿಡದ ಪೇಪರ್ಸ್ ಇವತ್ತಿನವರೆಗೂ ಯಾರೂ ಕೇಳಿಲ್ಲ.

ರೈಟ್ರನ್ನೊಬ್ರನ್ನೇ ಬೈದು ಪ್ರಯೋಜನ ಇಲ್ಲ, ಈ ವಿದ್ಯೆ ಮೇಲಿಂದಲೇ ಇಳಿದು ಬಂದಿದ್ದು. 2020ರ ಸೆಪ್ಟೆಂಬರಲ್ಲಿ, ಲಾಕ್‌ಡೌನ್ ಟೈಮಲ್ಲಿ ಊರಿಗೆ ಹೊರಟು ಸತ್ತ ವಲಸೆ ಕಾರ್ಮಿಕರು ಎಷ್ಟು ಅಂತ ಲೋಕಸಭೆಲಿ ಕೇಳಿದ್ರೆ, ಅಂಥ ಲೆಕ್ಕ ಇಟ್ಟಿಲ್ಲ, ಹಾಗಾಗಿ ಪರಿಹಾರದ ಪ್ರಶ್ನೆಯೇ ಬರಲ್ಲ ಅಂತ ಕೇಂದ್ರ ಕಾರ್ಮಿಕ ಸಚಿವಾಲಯವೇ ಉತ್ತರ ಕೊಟ್ಟಿತ್ತು. ಲೆಕ್ಕ ಇಡದಿದ್ರೆ ಸಾಲವೇ ಇಲ್ಲ! ನಮ್ಮೂರ ಶೆಟ್ರ ಅಂಗಡೀಲಿ ಈ ನಿಯಮ ಯಾಕೆ ಬರಲ್ವೋ.

ಕಾನೂನೇನು ಇರ್ಲಿಲ್ವಾ, ಇತ್ತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಪ್ರಕಾರ ಬೇರೆ ರಾಜ್ಯದ ಐದು ಜನ ಇದ್ರೂ ಗುತ್ತಿಗೆದಾರ ಲೈಸೆನ್ಸ್ ಮಾಡಿಸ್ಬೇಕು, ಆಳಿಗೆ ಫೋಟೋ ಅಂಟಿಸಿದ ಪಾಸ್‌ಬುಕ್ ಕೊಡ್ಬೇಕು, ಅದೂ ಆಳಿನ ಭಾಷೇಲೂ ಬರ್ದಿರ್ಬೇಕು (ಹೆಸರೇ ಬರೆಯೋಕೆ ಬರದ ಬುಕ್ಕಲ್ಲಿ ಅಸ್ಸಾಮಿ ಲಿಪಿ, ಆಹಾ). ಜೊತೆಗೆ ಊರು ಬಿಟ್ಟು ಬಂದಿದ್ದಕ್ಕೆ ಅಂತಾನೇ ಒಂದು ಭತ್ಯೆ, ತಿಂಗಳ ಕೂಲಿಯ ಅರ್ಧ ಅಥವಾ 75 ರೂಪಾಯಿ, ಯಾವ್ದು ಜಾಸ್ತಿನೋ ಅದು. ನಮ್ ಕಡೆ ಲೈನ್ ಮನೇಲಿ ಆ ಭತ್ಯೆ ಎಣಿಸ್ಕೊಂಡೋರು ನಂಗಂತೂ ಸಿಕ್ಕಿಲ್ಲ. 2025ರ ನವೆಂಬರ್ 21ಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ್ವಲ್ಲ, ಈ ಸಮಸ್ಯೆನ ಎಷ್ಟು ನೀಟಾಗಿ ಬಗೆಹರಿಸಿದ್ರು ಗೊತ್ತಾ, ಭತ್ಯೆನೇ ತೆಗ್ದುಬಿಟ್ರು. ಊರಿಗೆ ಹೋಗಿಬರೋ ಚಾರ್ಜು ಉಳ್ಕೊಂಡಿದೆ, ಬೇರೆ ರಾಜ್ಯದ ಐದು ಜನ ಇದ್ರೆ ಕಾನೂನು ಅನ್ವಯ ಅನ್ನೋದು ಮಾತ್ರ ಹತ್ತು ಜನ ಅಂತಾಯ್ತು.

ಇದನ್ನ ಪರಿಚಯದ ಮೇಸ್ತ್ರಿ ಒಬ್ಬನಿಗೆ ಹೇಳ್ದೆ. ಪಿಕಪ್ಪಲ್ಲಿ ಇಪ್ಪತ್ತೈದು ಜನರನ್ನ ಕುರಿ ತುಂಬಿದಂಗೆ ತುಂಬ್ಕೊಂಡು ಬರೋ ಆಸಾಮಿ, ಬಾಳ ಗಮನ ಕೊಟ್ಟು ಕೇಳ್ದ.

"ಅಂದ್ರೆ ಪೇಪರಲ್ಲಿ ಒಂಬತ್ತು ಜನ ಇದ್ರೆ ಏನೂ ತಾಪತ್ರಯ ಇಲ್ಲ ಅನ್ನಿ."

"ಹಂಗೇ ಆಯ್ತಲ್ಲಪ್ಪ."

ಸ್ವಲ್ಪ ಹೊತ್ತು ಬೆರಳು ಮಡಚಿ ಏನೋ ಲೆಕ್ಕ ಹಾಕ್ದ.

"ಅಣ್ಣ, ಆ ಒಂಬತ್ತು ಅನ್ನೋದು ಕುಯ್ಯೋ ಮಕ್ಕಳನ್ನ ಸೇರ್ಸಿನಾ, ಬಿಟ್ಟಾ?"