ಕಪ್ ಎಲ್ಲಿ ಅಂತ ಮಾತ್ರ ಕೇಳಬೇಡಿ

ನಿನ್ನೆ ಬೆಳಿಗ್ಗೆಯಿಂದ ತಲೆಬಿಸಿ ಇಳಿದಿಲ್ಲ. ಬರೆದು ಮುಗಿಸದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಇದ್ದವರು ಓದಿ.

ನಿನ್ನೆ, 2025ರ ಜೂನ್ 23ಕ್ಕೆ, ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್‌ನ ಏಳನೇ ಪಂದ್ಯ. ಅಮೆರಿಕದಲ್ಲಿ ಭಾನುವಾರ ರಾತ್ರಿ, ನಮಗೆ ಸೋಮವಾರ ಬೆಳಗಿನ ಐದೂವರೆ. ಒಕ್ಲಹೋಮ ಸಿಟಿ ಥಂಡರ್ ಮತ್ತು ಇಂಡಿಯಾನಾ ಪೇಸರ್ಸ್, ತಲಾ ಮೂರು ಪಂದ್ಯ ಗೆದ್ದು ಸಮ ಸಮ. ನಾಲ್ಕು ಗೆದ್ದವರಿಗೆ ಕಪ್. ನಮ್ಮಲ್ಲಿ ರಾತ್ರಿಯಿಂದ ಮಳೆ, ಕರೆಂಟ್ ಇಲ್ಲ, ಮೊಬೈಲಿನಲ್ಲಿ ಅರ್ಧ ಚಾರ್ಜ್. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿಗೆ ಕುರ್ಚಿ ಎಳೆದುಕೊಂಡು, ಹಂಚಿನ ನೀರು ಕಾಲಿಗೆ ಸಿಡಿಯುತ್ತಿದ್ದರೂ ಕದಲದೆ ಕೂತಿದ್ದೆ. ಅಕ್ಕನ ಮಗ ಪಕ್ಕದಲ್ಲಿ. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗ, ರಜೆಗೆ ಬಂದಿದ್ದಾನೆ.

ಪೇಸರ್ಸ್‌ನ ಟೈರೀಸ್ ಹ್ಯಾಲಿಬರ್ಟನ್ ಆಡಿದ್ದು ಏಳೇ ಏಳು ನಿಮಿಷ. ಅಷ್ಟರಲ್ಲಿ ದೂರದಿಂದ ಮೂರು ತ್ರೀ ಹಾಕಿದ್ದ, ಒಂದಕ್ಕೆ ಮೂರರ ಹಾಗೆ 9 ಪಾಯಿಂಟ್. ಐದನೇ ಪಂದ್ಯದಲ್ಲೇ ಬಲಗಾಲಿನ ಮೀನಖಂಡಕ್ಕೆ ಏಟಾಗಿತ್ತು. ಆ ಕಾಲಿನಲ್ಲೇ ಆರನೆಯದು ಆಡಿ ಗೆಲ್ಲಿಸಿದ, ಏಳನೆಯದಕ್ಕೂ ಬಂದ. ಮುಂದೆ ನುಗ್ಗಲಿಕ್ಕೆ ಬಲಗಾಲು ಊರಿದ, ಅಷ್ಟೇ. ಯಾರೂ ಮುಟ್ಟಲಿಲ್ಲ, ಯಾರೂ ದೂಡಲಿಲ್ಲ. ಚೆಂಡು ಕೈತಪ್ಪಿತು, ಅವನು ಕವುಚಿ ಬಿದ್ದ. ಬಿದ್ದಲ್ಲೇ ಅಂಗೈಯಿಂದ ನೆಲಕ್ಕೆ ಬಡಿದ. ಮತ್ತೆ ಬಡಿದ. ಮತ್ತೆ ಮತ್ತೆ ಬಡಿಯುತ್ತಲೇ ಇದ್ದ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು (ಅಕಿಲೀಸ್) ಹರಿದಿತ್ತು. ಆ ಬಡಿತ ನೋವಿನದ್ದಲ್ಲ ಅಂತ ಆಟ ಆಡಿದ ಯಾರಿಗೂ ಗೊತ್ತಾಗುತ್ತದೆ. ನನಗೆ ಕಣ್ಣಲ್ಲಿ ನೀರು ಬಂತು, ಹೇಳಲಿಕ್ಕೆ ನಾಚಿಕೆ ಇಲ್ಲ.

ಪಂದ್ಯ 103-91ಕ್ಕೆ ಥಂಡರ್ ಗೆದ್ದಿತು. ಫೋನ್ ಕೆಳಗಿಡುವ ಮೊದಲೇ ಹುಡುಗ ಹೇಳಿದ, "ಮುಗೀತಲ್ಲ ಮಾವ. ಅವನದ್ದೆಲ್ಲ ಬರೀ ಬಿಲ್ಡಪ್. ಕೊನೆಗೆ ಕಪ್ ಎಲ್ಲಿ?"

ಇಲ್ಲಿಂದ ಶುರುವಾಯಿತು ನನ್ನ ತಲೆಬಿಸಿ.

ಹುಡುಗನ ಮೇಲೆ ಸಿಟ್ಟಿಲ್ಲ. ಬುದ್ಧಿವಂತ, ಆಟವನ್ನು ನನಗಿಂತ ಜಾಸ್ತಿ ಓದಿಕೊಂಡಿದ್ದಾನೆ. ಆದರೆ ಅವನಿಗೆ ಈ ಪ್ರಶ್ನೆ ಕಲಿಸಿದವರ ಮೇಲೆ ಸಿಟ್ಟು ಉಂಟು. ರೀಲ್ಸ್ ತೆರೆದರೆ ಇದೇ. ಎರಡು ಫೋಟೋ, ಪಕ್ಕದಲ್ಲಿ ಎರಡು ಅಂಕಿ, ಯಾರಿಗೆ ಎಷ್ಟು ಉಂಗುರ. ಗೆದ್ದ ತಂಡದವರಿಗೆಲ್ಲ ಒಂದೊಂದು ಉಂಗುರ ಕೊಡುವುದು ಅಮೆರಿಕದವರ ಕ್ರಮ. ಅದನ್ನು ಎಣಿಸಿದರೆ ಆಟಗಾರನ ಲೆಕ್ಕ ಚುಕ್ತಾ ಆಯಿತು ಅನ್ನುವ ಹಾಗೆ ಮಾತಾಡುತ್ತಾರೆ.

ಹಾಗಾದರೆ ಲೆಕ್ಕವನ್ನು ಪೂರ್ತಿ ಮಾಡಿ. ಮೈಕೆಲ್ ಜೋರ್ಡನ್‌ಗೆ 6 ಉಂಗುರ. ರಾಬರ್ಟ್ ಹೋರಿ ಅಂತ ಒಬ್ಬರಿದ್ದರು, ಹ್ಯೂಸ್ಟನ್, ಲೇಕರ್ಸ್, ಸ್ಯಾನ್ ಆಂಟೋನಿಯೋ ಮೂರೂ ಕಡೆ ಆಡಿ ಒಟ್ಟು 7 ಉಂಗುರ. ಕೊನೇ ಗಳಿಗೆಯಲ್ಲಿ ಚೆಂಡು ಹಾಕುವುದರಲ್ಲಿ ಗಟ್ಟಿಗರು, ಗೌರವ ಉಂಟು. ಆದರೆ ಜೋರ್ಡನ್‌ಗಿಂತ ದೊಡ್ಡವರು ಅಂತ ಹೋರಿಯವರೇ ಒಪ್ಪಲಿಕ್ಕಿಲ್ಲ. ಚಾರ್ಲ್ಸ್ ಬಾರ್ಕ್ಲಿ, ಕಾರ್ಲ್ ಮಲೋನ್, ಜಾನ್ ಸ್ಟಾಕ್ಟನ್, ಪ್ಯಾಟ್ರಿಕ್ ಯೂಯಿಂಗ್, ಒಬ್ಬರಿಗೂ ಉಂಗುರ ಇಲ್ಲ. ಇವರನ್ನೆಲ್ಲ ಎಲ್ಲಿ ಹಾಕುತ್ತೀರಿ? ಮಂಗಳೂರಿನ ಹಾಸ್ಟೆಲಿನಲ್ಲಿ ನಾನು ಈ ಆಟದ ಹುಚ್ಚು ಹಿಡಿಸಿಕೊಂಡದ್ದೇ ಸ್ಟಾಕ್ಟನ್ ಪಾಸ್ ಕೊಡುವುದನ್ನು ನೋಡಿ. ಅವರು ಸೋತ ತಂಡದವರು ಅಂತ ಆಗ ನನಗೆ ಹೊಳೆಯಲೇ ಇಲ್ಲ.

ಇನ್ನೂ ಹಳೇದು ಹೇಳುತ್ತೇನೆ. ಜೆರ್ರಿ ವೆಸ್ಟ್ 9 ಸಲ ಫೈನಲ್ ಆಡಿದವರು. ಗೆದ್ದದ್ದು ಒಂದೇ ಒಂದು ಸಲ, 1972ರಲ್ಲಿ. 1969ರ ಫೈನಲ್‌ನಲ್ಲಿ ತೊಡೆಯ ಹಿಂದಿನ ಸ್ನಾಯು ಎಳೆದಿತ್ತು. ಆ ಕಾಲಿನಲ್ಲೇ ಏಳನೇ ಪಂದ್ಯ ಆಡಿ 42 ಪಾಯಿಂಟ್, 13 ರೀಬೌಂಡ್ (ಗುರಿ ತಪ್ಪಿ ಚಿಮ್ಮಿದ ಚೆಂಡು ಹಿಡಿದದ್ದು), 12 ಅಸಿಸ್ಟ್ (ಜೊತೆಗಾರರು ಚೆಂಡು ಹಾಕಲು ಕೊಟ್ಟ ಪಾಸ್). ಸೋತದ್ದು 108-106ಕ್ಕೆ, ಬರೀ ಎರಡು ಪಾಯಿಂಟ್! ಫೈನಲ್‌ನ ಶ್ರೇಷ್ಠ ಆಟಗಾರ ಅಂತ ಪ್ರಶಸ್ತಿ ಕೊಡಲು ಶುರು ಮಾಡಿದ್ದು ಅದೇ ವರ್ಷ. ಮೊದಲನೆಯದನ್ನು ಕೊಟ್ಟದ್ದು ಸೋತ ತಂಡದ ಈ ಮನುಷ್ಯನಿಗೆ. ಸೋತವರಲ್ಲಿ ಅದು ಸಿಕ್ಕಿದ್ದು ಇವತ್ತಿನವರೆಗೆ ಅವರೊಬ್ಬರಿಗೇ. ಎನ್‌ಬಿಎ ಲೋಗೋದಲ್ಲಿ ಚೆಂಡು ತಟ್ಟಿಕೊಂಡು ಹೋಗುವ ಬಿಳಿ ನೆರಳು ಉಂಟಲ್ಲ, ಅದನ್ನು ವೆಸ್ಟ್ ಅವರ ಫೋಟೋ ನೋಡಿ ಮಾಡಿದ್ದು ಅಂತ ಲೋಗೋ ಮಾಡಿದವರೇ ಹೇಳಿದ್ದಾರೆ. ಎಂಟು ಸಲ ಸೋತವರ ನೆರಳು. ಹುಡುಗ ಹಾಕಿಕೊಂಡಿದ್ದ ಟೀಶರ್ಟಿನ ಎದೆಯ ಮೇಲೂ ಅದೇ ಇತ್ತು.

ಅಷ್ಟು ದೂರ ಯಾಕೆ, ಈ ತಿಂಗಳ 3ಕ್ಕೆ ಆರ್‌ಸಿಬಿ ಗೆದ್ದದ್ದನ್ನೇ ತೆಗೆದುಕೊಳ್ಳಿ. ಹದಿನೇಳು ವರ್ಷ ಇದೇ ಪ್ರಶ್ನೆಯನ್ನು ಕೊಹ್ಲಿಗೆ ಕೇಳಿದರು, ನಮಗೂ ಕೇಳಿದರು. 2016ರಲ್ಲಿ ಒಂದೇ ಸೀಸನ್‌ನಲ್ಲಿ 973 ರನ್ ಹೊಡೆದು, ನಾಲ್ಕು ಶತಕ ಬಾರಿಸಿ, ಫೈನಲ್‌ನಲ್ಲಿ 8 ರನ್ನಿಗೆ ಸೋತಾಗ ಅವನು ಸಣ್ಣ ಆಟಗಾರನಾಗಿದ್ದನಾ? ಜೂನ್ 3ರ ರಾತ್ರಿ 6 ರನ್ನಿಗೆ ಗೆದ್ದ ಮೇಲೆ ದಿಢೀರಂತ ದೊಡ್ಡವನಾದನಾ? ಅದೇ ಕೈ, ಅದೇ ಬ್ಯಾಟು ಅಲ್ವಾ? ನಮ್ಮ ಕಾಸರಗೋಡಿನಲ್ಲಿ ಫುಟ್‌ಬಾಲ್ ವರ್ಲ್ಡ್ ಕಪ್ ಬಂದಾಗ ರಸ್ತೆ ತುಂಬ ಅರ್ಜೆಂಟೀನಾ ಫ್ಲೆಕ್ಸ್ ಏಳುತ್ತದೆ. ಮೆಸ್ಸಿ ಕಪ್ ಎತ್ತಿದ್ದು 2022ರಲ್ಲಿ. ನಮ್ಮ ಹುಡುಗರು ಅದಕ್ಕೂ ಎಷ್ಟೋ ಮೊದಲೇ, ಮಳೆಯಲ್ಲಿ ಏಣಿ ಹತ್ತಿ ಫ್ಲೆಕ್ಸ್ ಕಟ್ಟಿದವರು. ಅವರು ಯಾರೂ ಕಪ್ ಎಲ್ಲಿ ಅಂತ ಕೇಳಿರಲಿಲ್ಲ.

ಹ್ಯಾಲಿಬರ್ಟನ್ ವಿಷಯಕ್ಕೆ ಬರುತ್ತೇನೆ. ಏಪ್ರಿಲ್‌ನಲ್ಲಿ ಎನ್‌ಬಿಎ ಆಟಗಾರರದ್ದೇ ಒಂದು ಮತ ತೆಗೆದರು, ಹೆಸರು ಹಾಕದೆ. ಯಾರಿಗೆ ಯೋಗ್ಯತೆಗಿಂತ ಜಾಸ್ತಿ ಹೆಸರು ಸಿಕ್ಕಿದೆ ಅಂತ ಪ್ರಶ್ನೆ. ಹೆಚ್ಚು ಮತ ಬಿದ್ದದ್ದು ಇವನಿಗೆ. ಜೊತೆಯಲ್ಲಿ ಆಡುವವರೇ ಹಾಗೆ ಹೇಳಿದರೆ ಹೇಗಾಗಬೇಡ! ಅವನು ಬಾಯಿಯಲ್ಲಿ ಉತ್ತರ ಕೊಡಲು ಹೋಗಲಿಲ್ಲ. ಮಿಲ್ವಾಕಿಯ ಮೇಲೆ ಕೊನೇ ಕ್ಷಣದಲ್ಲಿ ಚೆಂಡು ಹಾಕಿ ಗೆಲ್ಲಿಸಿದ. ಕ್ಲೀವ್‌ಲ್ಯಾಂಡ್ ಮೇಲೆ ಹಾಗೆಯೇ. ನ್ಯೂಯಾರ್ಕ್‌ನಲ್ಲಿ ಅವನು ಹಾಕಿದ ಚೆಂಡು ರಿಂಗಿಗೆ ಬಡಿದು ಮೇಲಕ್ಕೆ ಹಾರಿ, ಈಗ ಹೊರಗೆ ಬೀಳುತ್ತದೆ ಅನ್ನುವಾಗ ನೆಟ್ಟಗೆ ಒಳಗೆ ಇಳಿಯಿತು, ಪಂದ್ಯ ಸಮ ಆಯಿತು, ಓವರ್‌ಟೈಮಿನಲ್ಲಿ ಗೆದ್ದರು. ಫೈನಲ್‌ನ ಮೊದಲ ಪಂದ್ಯದಲ್ಲಿ ಇಡೀ ಹೊತ್ತು ಹಿಂದೆ ಇದ್ದ ಪೇಸರ್ಸ್ ಮೊದಲ ಸಲ ಮುಂದೆ ಬಂದದ್ದು ಗಡಿಯಾರದಲ್ಲಿ 0.3 ಸೆಕೆಂಡ್ ಉಳಿದಾಗ. ಅದೂ ಇವನ ಕೈಯಿಂದ. 111-110. ಸೀಸನ್ ಶುರುವಿನಲ್ಲಿ 25 ಪಂದ್ಯದಲ್ಲಿ 15 ಸೋತಿದ್ದ ತಂಡ ಇದು. 2000ದ ನಂತರ ಫೈನಲ್ ಮುಖ ನೋಡಿರದ ತಂಡ.

ಥಂಡರ್ ಗೆದ್ದದ್ದು ಸರಿಯಾಗಿಯೇ, ಅದರಲ್ಲಿ ತಕರಾರಿಲ್ಲ. 68 ಪಂದ್ಯ ಗೆದ್ದು ಬಂದವರು. ಶೇ ಗಿಲ್ಜಸ್-ಅಲೆಕ್ಸಾಂಡರ್ ಸೀಸನ್ನಿನ ಶ್ರೇಷ್ಠ ಆಟಗಾರ, ಫೈನಲ್‌ನದ್ದೂ ಅವನೇ. ಅವನಿಗೆ ನನ್ನದೂ ಚಪ್ಪಾಳೆ. ಆದರೆ ಅವನನ್ನು ಹೊಗಳಲಿಕ್ಕೆ ಇವನನ್ನು ತುಳಿಯಬೇಕು ಅಂತ ಯಾವ ಊರಿನ ನ್ಯಾಯ?

ಹುಡುಗ ಇನ್ನೊಂದು ಮಾತು ಹೇಳಿದ. ಅದನ್ನು ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ. "ಮಾವ, ನೀವು ಸುಮ್ನೆ ಸೆಂಟಿಮೆಂಟ್ ಮಾಡ್ತೀರಿ. 2019ರಲ್ಲಿ ಕೆವಿನ್ ಡುರಾಂಟ್‌ಗೂ ಹೀಗೇ ಆಯಿತು. ಮೊದಲು ಮೀನಖಂಡ, ಆಮೇಲೆ ಫೈನಲ್‌ನಲ್ಲಿ ಬಂದು ಅಕಿಲೀಸ್ ಹರ್ಕೊಂಡ. ಗೊತ್ತಿದ್ದೂ ಆಡಿದ್ದು ದಡ್ಡತನ. ಮುಂದಿನ ಸೀಸನ್ ಹೋಯ್ತಲ್ಲ."

ಹೌದು, ಹೋಯಿತು. ಈ ಪ್ಲೇಆಫ್‌ನಲ್ಲೇ ಡೇಮಿಯನ್ ಲಿಲ್ಲರ್ಡ್‌ಗೆ ಇದೇ ಏಟು ಆಯಿತು, ಜೇಸನ್ ಟೇಟಮ್‌ಗೆ ಆಯಿತು, ಇವನು ಮೂರನೆಯವನು. ಪಂದ್ಯ ಹೆಚ್ಚಾಯಿತಾ, ಮೈಗೆ ವಿಶ್ರಾಂತಿ ಸಾಲುವುದಿಲ್ಲವಾ, ಡಾಕ್ಟರುಗಳು ನೋಡಲಿ. ಶಾಲೆ ಮಕ್ಕಳಿಗೆ ನೋವಿನಲ್ಲಿ ಆಡಿ ಅಂತ ನಾನೂ ಹೇಳುವುದಿಲ್ಲ, ಹೇಳಲೂಬಾರದು. ಆದರೆ 25 ವರ್ಷದ ಗಂಡಸು, ತನ್ನ ಕಾಲು, ತನ್ನ ತಂಡ, ಒಂದೇ ಒಂದು ಪಂದ್ಯ ಬಾಕಿ. ಅವನೇ ಯೋಚಿಸಿ ನಿಂತದ್ದು. ಇವತ್ತು ಬೆಳಿಗ್ಗೆ ಅವನೇ ಬರೆದದ್ದನ್ನು ಓದಿದೆ, ಪಶ್ಚಾತ್ತಾಪ ಇಲ್ಲವಂತೆ, ಅವಕಾಶ ಸಿಕ್ಕರೆ ಮತ್ತೆಯೂ ಹಾಗೇ ಮಾಡುತ್ತಾನಂತೆ. ಆಡಿದರೆ ದಡ್ಡ, ಆಡದಿದ್ದರೆ ಹೇಡಿ, ಸೋತರೆ ಕಪ್ ಎಲ್ಲಿ. ಹೊರಗೆ ಕೂತವರಿಗೆ ಮಾತಿಗೇನು ಬರಗಾಲ?

ಹೊರಗೆ ಕೂತವರು ಅಂದೆನಲ್ಲ, ಹಾಗಾಗಿ ಇದನ್ನೂ ಹೇಳಿಬಿಡುತ್ತೇನೆ.

ನನ್ನ ಮೊಣಕಾಲಿನ ಕಥೆ ನಿಮಗೆಲ್ಲ ಗೊತ್ತುಂಟು. ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ, ಸೆಮಿಫೈನಲ್‌ನಲ್ಲಿ ಮೊಣಕಾಲು ತಿರುಚಿತು, ಫೈನಲ್ ಆಡಲು ಆಗಲಿಲ್ಲ, ಆದರೂ ನಮ್ಮ ತಂಡ ಗೆದ್ದಿತು. ಎಷ್ಟೋ ಸಲ ಹೇಳಿದ್ದೇನೆ. ಅದರಲ್ಲಿ ಒಂದು ಸುಳ್ಳು ಉಂಟು. ನೋವು ಇತ್ತು, ಆದರೆ ಆಡಲಾಗದಷ್ಟು ಇರಲಿಲ್ಲ. ನನಗೆ ಹೆದರಿಕೆಯಾಯಿತು. ಎದುರಿನ ತಂಡ ಗಟ್ಟಿ ಇತ್ತು, ಸೋತರೆ ನನ್ನ ಮೇಲೆ ಬರುತ್ತದೆ ಅನಿಸಿತು. ಕಾಲಿಗೆ ಬಟ್ಟೆ ಸುತ್ತಿಕೊಂಡು ಬೆಂಚಿನಲ್ಲಿ ಕೂತೆ. ಇಪ್ಪತ್ತೈದು ವರ್ಷದಲ್ಲಿ ಇದನ್ನು ಯಾರಿಗೂ ಹೇಳಿಲ್ಲ, ಹೆಂಡತಿಗೂ.

ಎದುರಿನ ತಂಡದಲ್ಲಿ ಪೆರ್ಲ ಕಡೆಯ ಒಬ್ಬ ರೈಡರ್ ಇದ್ದ. ಅವನ ಪಾದದ ಗಂಟು ತೆಂಗಿನಕಾಯಿಯ ಹಾಗೆ ಊದಿತ್ತು. ಯಾರದ್ದೋ ಬೈರಾಸು (ಟವೆಲ್) ಹರಿದು ಬಿಗಿಯಾಗಿ ಕಟ್ಟಿಕೊಂಡಿದ್ದ. ಪ್ರತಿ ರೈಡ್ ಮುಗಿಸಿ ಹೋದ ಮೇಲೆ ಬಗ್ಗಿ ಆ ಗಂಟನ್ನು ಇನ್ನೊಮ್ಮೆ ಬಿಗಿ ಮಾಡುತ್ತಿದ್ದ, ಹಲ್ಲು ಕಚ್ಚಿ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅವನ ಮುಖದ ಬೆವರು ನನಗೆ ಕಾಣುತ್ತಿತ್ತು, ಅಷ್ಟು ಹತ್ತಿರ ಕೂತಿದ್ದೆ. ಕೊನೇ ರೈಡ್, ಅವರಿಗೆ 2 ಪಾಯಿಂಟ್ ಬೇಕು. ಬಂದ, ಇಬ್ಬರನ್ನು ಮುಟ್ಟಿದ, ತಿರುಗಿದ. ನಮ್ಮ ಕಾರ್ನರಿನವನು ಬಿದ್ದು ಹಿಡಿದದ್ದು ಅದೇ ಕಾಲನ್ನು. ಅವನು ಬಿಡಲಿಲ್ಲ, ಉಸಿರೂ ಬಿಡಲಿಲ್ಲ, ಕಬಡ್ಡಿ ಕಬಡ್ಡಿ ಅನ್ನುತ್ತಲೇ ಮಣ್ಣಿನಲ್ಲಿ ಎಳೆದುಕೊಂಡು ಹೋದ. ಗೆರೆಗೂ ಅವನ ಬೆರಳಿಗೂ ನಡುವೆ ಒಂದು ಗೇಣು ಉಳಿಯಿತು.

ಕಪ್ ನಮಗೆ ಬಂತು. ಕ್ಲಬ್ಬಿನ ಗಾಜಿನ ಕಪಾಟಿನಲ್ಲಿ ಈಗಲೂ ಉಂಟು, ಪಕ್ಕದ ಫೋಟೋದಲ್ಲಿ ನಾನೂ ಇದ್ದೇನೆ. ನನ್ನ ಹತ್ತಿರ ಕಪ್ ಉಂಟು ಅಂತ ಹೇಳಬಹುದು, ಅಲ್ವಾ? ಆದರೆ ಆ ರಾತ್ರಿಯ ಮಾತು ಬಂದಾಗ ನಮ್ಮ ಊರಿನವರೇ ಹೇಳುವುದು ಅವನ ಆ ರೈಡಿನ ಬಗ್ಗೆ. ನಮ್ಮ ತಂಡದಲ್ಲಿ ಯಾರು ಎಷ್ಟು ಪಾಯಿಂಟ್ ತೆಗೆದರು, ಕಪ್ ಎತ್ತಿ ಹಿಡಿದವರು ಯಾರು, ಫೋಟೋ ನೋಡದೆ ನನಗೇ ನೆನಪಾಗುವುದಿಲ್ಲ. ಹರಿದ ಬೈರಾಸಿನ ಬಣ್ಣ ನೆನಪುಂಟು. ಕೆಂಪು ಅಂಚಿನದ್ದು.

ಇದನ್ನೆಲ್ಲ ಹುಡುಗನಿಗೆ ನಿನ್ನೆ ಹೇಳಲಾಗಲಿಲ್ಲ. ಗಂಟಲು ಕಟ್ಟಿತು, ಸುಮ್ನೆ ಸಿಟ್ಟಿನಲ್ಲಿ ಎದ್ದು ತೋಟಕ್ಕೆ ಹೋದೆ. ಈಗ ಇಲ್ಲಿ ಓದುತ್ತಾನೆ. ಓದಲಿ.

ಆ ರೈಡರ್ ಈಗ ಪೆರ್ಲದ ಹತ್ತಿರವೇ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ. ಬಸ್ಸಿನ ಮೆಟ್ಟಿಲು ಇಳಿಯುವಾಗ ಈಗಲೂ ಆ ಕಾಲನ್ನು ಸ್ವಲ್ಪ ಜೋಪಾನ ಮಾಡುತ್ತಾನೆ, ಜಾತ್ರೆಯಲ್ಲಿ ಸಿಕ್ಕಾಗ ನೋಡಿದ್ದೇನೆ. ಚೆನ್ನಾಗಿದ್ದೀರಾ ಅಂತ ಕೇಳಿ ಮುಂದೆ ಹೋಗಿದ್ದೇನೆ, ಪ್ರತಿ ಸಲವೂ ಅಷ್ಟೇ. ಬರುವ ಭಾನುವಾರ ಮಳೆ ಬಿಟ್ಟರೆ ಹೋಗಬೇಕು ಅಂತಿದ್ದೇನೆ. ಅವನಿಗೆ ಬಾಸ್ಕೆಟ್‌ಬಾಲ್ ಅಂದರೆ ಏನೂ ಗೊತ್ತಿರಲಿಕ್ಕಿಲ್ಲ. ಹ್ಯಾಲಿಬರ್ಟನ್‌ನ ಆ ಏಳು ನಿಮಿಷವನ್ನು ಫೋನಿನಲ್ಲಿ ಡೌನ್‌ಲೋಡ್ ಮಾಡಿ ಇಟ್ಟುಕೊಂಡಿದ್ದೇನೆ.