ವಾರಕ್ಕೆ ಎಷ್ಟು ಗಂಟೆ?

ನೆದರ್ಲೆಂಡ್ಸ್‌ನಲ್ಲಿ ನನ್ನ ಮೊದಲ ಸಂದರ್ಶನ. ಸಂಬಳದ ಮಾತಿಗೂ ಮುಂಚೆ ಬಂದ ಪ್ರಶ್ನೆ, "ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡಬೇಕೆಂದಿದ್ದೀರಿ?" ಇದೇನೋ ಪರೀಕ್ಷೆ ಅಂದುಕೊಂಡು "ಎಷ್ಟು ಬೇಕಾದರೂ" ಅಂದೆ. ಎದುರಿಗಿದ್ದವರು ಜಾಹೀರಾತು ತೋರಿಸಿದರು: 32ರಿಂದ 40 ಗಂಟೆ. ಅದರಲ್ಲಿ ನನಗೆ ಯಾವುದು ಸರಿ ಅನ್ನುವುದಷ್ಟೇ ಅವರಿಗೆ ಬೇಕಿತ್ತು.

ಇಲ್ಲಿ ಹೀಗೆ ಗಂಟೆ ಬರೆಯುವುದು ಮಾಮೂಲು. 32 ಗಂಟೆ ಅಂದರೆ ಸಂಬಳವೂ ಐದರಲ್ಲಿ ನಾಲ್ಕು ಪಾಲು, ಅಷ್ಟೇ. ಕೆಲಸಕ್ಕೆ ಸೇರಿದ ಮೇಲೂ ದಾರಿಯಿದೆ. 2016ರಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ, ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ 26 ವಾರ ಪೂರೈಸಿದವರು ಗಂಟೆ ಇಳಿಸಿ ಎಂದು ಬರೆದು ಕೇಳಬಹುದು. ಗಟ್ಟಿ ಕಾರಣವಿಲ್ಲದೆ ಮಾಲೀಕರು "ಆಗುವುದಿಲ್ಲ" ಎನ್ನುವಂತಿಲ್ಲ. ಗಡುವಿನೊಳಗೆ ಉತ್ತರ ಬರದಿದ್ದರೆ ಒಪ್ಪಿದಂತೆಯೇ ಲೆಕ್ಕ. ಇಲ್ಲೂ ಗಂಟೆ ಇಳಿಸಿಕೊಳ್ಳುವವರಲ್ಲಿ ಹೆಂಗಸರೇ ಹೆಚ್ಚು, ಮುಂದೆ ಅವರ ಪಿಂಚಣಿಯೂ ಕಡಿಮೆಯಾಗುತ್ತದೆ. ಅದು ನನಗೆ ಒಪ್ಪಿಗೆಯಿಲ್ಲ.

ಆದರೆ ನಮ್ಮಲ್ಲಿ? ಸಿಟಿಸಿಗಾಗಿ, ಅಂದರೆ ವರ್ಷದ ಒಟ್ಟು ಸಂಬಳದ ಪ್ಯಾಕೇಜಿಗಾಗಿ, ಮೂರು ಸುತ್ತು ಚೌಕಾಸಿ ಮಾಡುವ ನಾವು ಗಂಟೆಯ ವಿಷಯಕ್ಕೆ ಬಾಯಿ ಬಿಡುವುದಿಲ್ಲ. ಕೇಳಿದರೆ ಕೆಲಸದ ಮೇಲೆ ಮನಸ್ಸಿಲ್ಲ ಅಂದುಕೊಂಡಾರು ಎಂಬ ಭಯ. ಭಾರತದ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೆರಿಗೆ ರಜೆಯ ನಂತರ ಮನೆಯಿಂದ ಕೆಲಸ ಮಾಡಲು ಅವಕಾಶ ತಂದಿತು, ಅದೂ ಕೆಲಸ ಅಂಥದ್ದಾಗಿದ್ದು ಮಾಲೀಕರು ಒಪ್ಪಿದರೆ. ಮಗುವಿನ ಅಪ್ಪನಿಗೆ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವ ಮಗಳಿಗೆ ಅದರಲ್ಲಿ ಜಾಗವಿಲ್ಲ. ನನ್ನ ಅಕ್ಕ ಹತ್ತು ವರ್ಷದ ಕೆಲಸವನ್ನು ಬಿಟ್ಟಳು. ಅಮ್ಮನಿಗಾಗಿ ಅವಳಿಗೆ ಬೇಕಿದ್ದದ್ದು ವಾರಕ್ಕೊಂದು ದಿನ. ಅದನ್ನವಳು ಯಾರನ್ನೂ ಕೇಳಲೇ ಇಲ್ಲ ಅನ್ನುವುದು ನನಗೆ ಇವತ್ತಿಗೂ ಸಂಕಟ.

ಕೇಳಬೇಕು. ಯಾವಾಗ ಅನ್ನುವುದು ಮುಖ್ಯ. ಪೂರ್ಣಾವಧಿ ಎಂದೇ ಕರೆದ ಕೆಲಸವಾದರೆ ಅರ್ಜಿಯಲ್ಲೇ ಬರೆಯಬೇಡಿ, ಸೇರುವ ತನಕ ಕಾಯುವುದೂ ಬೇಡ. ನೀವೇ ಬೇಕು ಎಂದು ಅವರು ತೀರ್ಮಾನಿಸಿ, ನೀವಿನ್ನೂ ಸಹಿ ಹಾಕದಿರುವ ಆ ಕೆಲವು ದಿನಗಳೇ ಸರಿಯಾದ ಹೊತ್ತು. ಬೇಕಿರುವುದು ಕಡಿಮೆ ಗಂಟೆಯೋ, ಅಷ್ಟೇ ಗಂಟೆ ಬೇರೆ ಹೊತ್ತಿನಲ್ಲೋ, ಮೊದಲು ನಿಮಗೇ ಸ್ಪಷ್ಟವಿರಲಿ. ಇಲ್ಲಿ ಅನೇಕರು ದಿನಕ್ಕೆ ಒಂಬತ್ತು ಗಂಟೆಯಂತೆ ನಾಲ್ಕು ದಿನ ದುಡಿದು 36 ಗಂಟೆ ಮುಗಿಸುತ್ತಾರೆ. ಗಂಟೆ ಇಳಿಸಿದರೆ ಕೆಲಸದ ಹೊರೆಯಲ್ಲಿ ಯಾವುದು ಇಳಿಯುತ್ತದೆ ಅನ್ನುವುದನ್ನೂ ಆಫರ್ ಲೆಟರಿನಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಸಂಬಳ ಮಾತ್ರ ಇಳಿದು, ಐದು ದಿನದ ಕೆಲಸ ನಾಲ್ಕು ದಿನಕ್ಕೆ ಬಂದು ಬೀಳುತ್ತದೆ.

ಪರಿಣತ ಉದ್ಯೋಗಿಯ ವೀಸಾದಲ್ಲಿ ಇಲ್ಲಿಗೆ ಬರುವವರಿಗೆ ಇನ್ನೊಂದು ಮಾತು: ವೀಸಾಕ್ಕೆ ಬೇಕಾದ ಕನಿಷ್ಠ ಸಂಬಳ ಗಂಟೆ ಕಡಿಮೆಯಾದರೆ ಕಡಿಮೆಯಾಗುವುದಿಲ್ಲ. ಲೆಕ್ಕ ಹಾಕಿಯೇ ಕೇಳಿ.

ಅಕ್ಕ ಈಗ ಮತ್ತೆ ಅರ್ಜಿ ಹಾಕುತ್ತಿದ್ದಾಳೆ. ಈ ಸಲ ನಾಲ್ಕು ದಿನ ಎಂದು ಕೇಳುತ್ತಾಳಂತೆ. ಐದನೆಯ ದಿನ ತುರ್ತು ಬಂದರೆ ಏನು ಮಾಡುವುದೆಂದು ಈಗಲೇ ಬರೆದಿಟ್ಟುಕೊಂಡಿದ್ದಾಳೆ.